ಹಳೇ ಡಿಸ್ಕ್ ಬೀರುವಿನಲ್ಲಿ ಇರಲಿ

ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವವನು ನಾನು. ಈ ಕೆಲಸದಲ್ಲಿ ಬೈಸಿಕೊಳ್ಳುವುದು ಹೊಸದೇನಲ್ಲ. ಆದರೆ 2020ರ ಫೆಬ್ರವರಿಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಬೈಸಿಕೊಂಡದ್ದು ಇನ್ನೂ ಕಿವಿಯಲ್ಲಿದೆ.

ಅದರ ಹಿಂದಿನ ತಿಂಗಳು, ಜನವರಿ 14ಕ್ಕೆ, ವಿಂಡೋಸ್ 7ಕ್ಕೆ ಅಪ್‌ಡೇಟ್ ಬರುವುದು ನಿಂತಿತ್ತು. ಪ್ರೆಸ್ಸಿನ ಯಜಮಾನರು ಪೇಪರಿನಲ್ಲಿ ಓದಿ ಗಾಬರಿಯಾಗಿದ್ದರು. "ವಿಂಡೋಸ್ ಹತ್ತು ಹಾಕ್ಬಿಡಪ್ಪಾ. ನನ್ನ ಫೈಲ್ ಮಾತ್ರ ಒಂದೂ ಹೋಗಬಾರದು" ಅಂದರು. ಮಷಿನ್‌ನಲ್ಲಿ 4 ಜಿಬಿ ರ‍್ಯಾಮ್ ಇತ್ತು, ವಿಂಡೋಸ್ ಮಾತ್ರ 32 ಬಿಟ್, ಅಂದರೆ ಅಷ್ಟೂ ಮೆಮೊರಿ ಬಳಸಲಾರದ ಹಳೇ ಬಗೆಯದು. ಹಾಗಾಗಿ ಮೂರು ಚಿಲ್ಲರೆ ಜಿಬಿ ಮಾತ್ರ ಬಳಕೆಯಾಗುತ್ತಿತ್ತು. ಒಂದೇ ಏಟಿಗೆ 64 ಬಿಟ್ ಮಾಡೋಣ ಅಂತ ನನಗೆ ಹುಮ್ಮಸ್ಸು. 32ರಿಂದ 64ಕ್ಕೆ ಹೋಗಬೇಕಾದರೆ ಪ್ರೋಗ್ರಾಂಗಳನ್ನು ಉಳಿಸಿಕೊಳ್ಳುವ ದಾರಿಯೇ ಇಲ್ಲ, ಹೊಸದಾಗಿ ಹಾಕಬೇಕು. ಡಿ ಡ್ರೈವ್, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಲ್ಲ ಕಾಪಿ ಮಾಡಿಕೊಂಡೆ. ಸಿ ಡ್ರೈವ್ ಫಾರ್ಮ್ಯಾಟ್ ಹೊಡೆದೆ. ಸಂಜೆಗೆ ಮಷಿನ್ ಗಾಳಿಯ ಹಾಗೆ ಓಡುತ್ತಿತ್ತು.

ಮರುದಿನ ಬೆಳಿಗ್ಗೆ ಡಿಟಿಪಿ ಮಾಡುವ ಅಕ್ಕ ಫೋನ್ ಮಾಡಿದರು. "ಏನಣ್ಣಾ ಇದು, ಮದುವೆ ಕಾರ್ಡ್ ಓಪನ್ ಮಾಡಿದ್ರೆ ಹುಡುಗನ ಹೆಸರಿರೋ ಜಾಗದಲ್ಲಿ ಏನೇನೋ ಇಂಗ್ಲಿಷ್ ಅಕ್ಷರ ಕಾಣ್ತಿದೆ?"

ಆಗ ಎದೆ ಧಸಕ್ ಅಂದಿತು. ಫಾಂಟ್! ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಯೂನಿಕೋಡ್ (ಕನ್ನಡ ಅಕ್ಷರಕ್ಕೇ ಬೇರೆ ಸಂಕೇತ ಇರುವ ಪದ್ಧತಿ) ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಹೋದರೆ ಕನ್ನಡವೂ ಹೋಯಿತು. ಅವೆಲ್ಲ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿ ಇದ್ದವು. ಕಾಪಿ ಮಾಡಿಕೊಂಡ ಫೈಲ್ ಒಂದೂ ಹೋಗಿರಲಿಲ್ಲ, ನಿಜ. ಆದರೆ ಓದಲು ಬರುತ್ತಿರಲಿಲ್ಲ. ನುಡಿ ಸಿಕ್ಕಿತು. ಪುಟ ಜೋಡಿಸುವ ಪೇಜ್‌ಮೇಕರ್ ಪ್ರೋಗ್ರಾಂನ ಸಿಡಿ ಹುಡುಕಲು ಅರ್ಧ ದಿನ ಹಿಡಿಯಿತು. ಕಾರ್ಡಿನ ತಲೆಬರಹಕ್ಕೆ ಬಳಸುತ್ತಿದ್ದ ಬಳ್ಳಿಬಳ್ಳಿ ಫಾಂಟ್‌ಗಳನ್ನು ಮಂಡಿಪೇಟೆಯ ಇನ್ನೊಂದು ಪ್ರೆಸ್‌ನಿಂದ ಕಾಡಿ ಬೇಡಿ ತಂದೆ. ಎರಡು ಫಾಂಟ್ ಕೊನೆಗೂ ಸಿಗಲೇ ಇಲ್ಲ. ಲಗ್ನದ ಸೀಸನ್ ಬೇರೆ. ಯಜಮಾನರು ಏನು ಬೈದರು ಅನ್ನುವುದನ್ನು ಇಲ್ಲಿ ಬರೆಯಲಾಗದು.

ಆ ಮೇಲೆ ನಾನು ಮೊದಲು ಕೂರುವುದು ಕಂಪ್ಯೂಟರ್ ಮುಂದೆ ಅಲ್ಲ, ಅದನ್ನು ಬಳಸುವವರ ಪಕ್ಕದಲ್ಲಿ.

ಅದೇ ವರ್ಷ ಲಾಕ್‌ಡೌನ್ ಸಡಿಲವಾದ ಮೇಲೆ ಚನ್ನಗಿರಿಯ ಒಂದು ಅಡಿಕೆ ಮಂಡಿಯಿಂದ ಕರೆ ಬಂತು. ಅದೂ ವಿಂಡೋಸ್ 7. "ಬೆಳಿಗ್ಗೆ ಬಂದ ತಕ್ಷಣ ಏನೇನು ಓಪನ್ ಮಾಡ್ತೀರಿ ಸ್ವಾಮಿ, ಒಂದ್ಸಲ ಎಲ್ಲ ತೋರಿಸಿ" ಅಂತ ಗುಮಾಸ್ತರನ್ನು ಕೇಳಿದೆ. ಟ್ಯಾಲಿ ತೋರಿಸಿದರು. ಆಮೇಲೆ ಒಂದು ಕಪ್ಪು ಪರದೆ ತೆಗೆದರು. ಯಾರೋ ಬಹಳ ಹಿಂದೆ ಫಾಕ್ಸ್‌ಪ್ರೋದಲ್ಲಿ ಬರೆದುಕೊಟ್ಟ, ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಪ್ರೋಗ್ರಾಂ. ರೈತರ ಲೆಕ್ಕವೆಲ್ಲ ಅದರಲ್ಲೇ. ನಾನು ಕೇಳದೇ ಇದ್ದಿದ್ದರೆ ಇಲ್ಲೂ 64 ಬಿಟ್ ಹಾಕಿಬಿಡುತ್ತಿದ್ದೆ. ಇಂಥ ಡಾಸ್ ಪ್ರೋಗ್ರಾಂ 64 ಬಿಟ್ ವಿಂಡೋಸ್‌ನಲ್ಲಿ ಓಡುವುದೇ ಇಲ್ಲ. 32 ಬಿಟ್ ವಿಂಡೋಸ್ 10ರಲ್ಲಿ ಓಡುತ್ತದೆ. ಮೊದಲ ಸಲ ತೆಗೆದಾಗ ಒಂದು ಹೆಚ್ಚುವರಿ ಭಾಗ ಹಾಕಿಕೊಳ್ಳಲೇ ಅಂತ ಕೇಳುತ್ತದೆ, ಹೂಂ ಅಂದರೆ ಸಾಕು.

ಈ ಸಲ ಹಳೇ ಡಿಸ್ಕ್ ಮೇಲೆ ಕೈ ಇಡಲೇ ಇಲ್ಲ. ಡಿಸ್ಕ್ ನಕಲು ಮಾಡುವ ಕ್ಲೋನೆಜಿಲ್ಲಾ ಇದ್ದ ಪೆನ್‌ಡ್ರೈವ್‌ನಿಂದ ಮಷಿನ್ ಬೂಟ್ ಮಾಡಿ (ಅಂದರೆ ಶುರು ಮಾಡಿ), ಹಳೇ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಇದ್ದ ಹಾಗೇ ಹೊಸ ಎಸ್‌ಎಸ್‌ಡಿ ಡಿಸ್ಕಿಗೆ ಇಳಿಸಿದೆ. ಇಲ್ಲೊಂದು ಚಿಲ್ಲರೆ ವಿಷಯ. ಹಳೆಯದು 500 ಜಿಬಿ ಇದ್ದರೆ ಅಗ್ಗ ಅಂತ 480ರ ಎಸ್‌ಎಸ್‌ಡಿ ತರಬೇಡಿ. ಹೊಸದು ಚಿಕ್ಕದಾದರೆ ಕ್ಲೋನೆಜಿಲ್ಲಾ ಸುಮ್ಮನೆ ಒಪ್ಪುವುದಿಲ್ಲ, ಪಾರ್ಟಿಷನ್ (ಡಿಸ್ಕಿನ ಭಾಗ) ಕುಗ್ಗಿಸುತ್ತಾ ಕೂರಬೇಕು. 512ರದ್ದು ತಂದರೆ ತಲೆನೋವಿಲ್ಲ. ಎಸ್‌ಎಸ್‌ಡಿಯಿಂದ ಮಷಿನ್ ಸರಿಯಾಗಿ ಶುರುವಾದ ಮೇಲೆ ಹಳೇ ಡಿಸ್ಕಿಗೆ ದಿನಾಂಕದ ಚೀಟಿ ಅಂಟಿಸಿ ಗುಮಾಸ್ತರ ಕೈಗೆ ಕೊಟ್ಟೆ. ಏನಾದರೂ ಎಡವಟ್ಟಾದರೆ ಇದನ್ನೇ ವಾಪಸ್ ಸಿಕ್ಕಿಸುವುದು, ಹತ್ತು ನಿಮಿಷದ ಕೆಲಸ.

ಅಪ್‌ಗ್ರೇಡ್ ಮಾಡುವಾಗ ಪೆನ್‌ಡ್ರೈವ್‌ನಿಂದ ಬೂಟ್ ಮಾಡಲಿಲ್ಲ. ಹಾಗೆ ಮಾಡಿದರೆ ಪ್ರೋಗ್ರಾಂ ಉಳಿಯುವುದಿಲ್ಲ. ವಿಂಡೋಸ್ 7 ಆನ್ ಇರುವಾಗಲೇ ಒಳಗಿನಿಂದ ಸೆಟಪ್ ಓಡಿಸಬೇಕು. ಅದಕ್ಕೂ ಮುಂಚೆ ಆ್ಯಂಟಿವೈರಸ್ ತೆಗೆದೆ, ಪ್ರಿಂಟರ್ ಬಿಚ್ಚಿದೆ, ಸಿ ಡ್ರೈವ್‌ನಲ್ಲಿ ಜಾಗ ಮಾಡಿದೆ. ಫೈಲ್ ಮತ್ತು ಆ್ಯಪ್ ಎರಡನ್ನೂ ಉಳಿಸಿಕೊಳ್ಳುವ ಆಯ್ಕೆ ಒಂದು ಬರುತ್ತದೆ. ನನಗೆ ಅದು ಮಸುಕಾಗಿತ್ತು, ಒತ್ತಲು ಆಗುತ್ತಿರಲಿಲ್ಲ. ಇಂಥ ಹೊತ್ತಲ್ಲಿ ಆಗಿದ್ದಾಗಲಿ ಅಂತ ಮುಂದೆ ಹೋಗುವವರೇ ಜಾಸ್ತಿ. ನಾನು ನಿಲ್ಲಿಸಿ ನೋಡಿದೆ. ಹಳೇ ವಿಂಡೋಸ್ ಅಮೆರಿಕದ ಇಂಗ್ಲಿಷ್, ನಾನು ತಂದದ್ದು ಬ್ರಿಟನ್ ಇಂಗ್ಲಿಷ್! ಇಷ್ಟಕ್ಕೇ ಅದು ಒಲ್ಲೆ ಅನ್ನುತ್ತದೆ. ವಿಂಡೋಸ್ 7ರ ಅಲ್ಟಿಮೇಟ್ ಆವೃತ್ತಿ ಇರುವ ಕಡೆ 10ರ ಹೋಮ್ ಆವೃತ್ತಿ ಹಾಕಹೊರಟರೂ ಇದೇ ಕಥೆ, ಪ್ರೊ ಬೇಕು. ಸರಿಯಾದದ್ದು ಇಳಿಸಿಕೊಂಡು ಮತ್ತೆ ಶುರು ಮಾಡಿದೆ, ಆಯ್ಕೆ ಸಿಕ್ಕಿತು.

ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಮುಗಿದಿತ್ತು. ಟ್ಯಾಲಿ ತೆರೆಯಿತು. ಕಪ್ಪು ಪರದೆಯೂ ಬಂತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರಕರ ಅಂತ ಒಂದು ಬಿಲ್ ಉಗುಳಿದಾಗಲೇ ನನಗೆ ನೆಮ್ಮದಿ. ಹಿಂದಕ್ಕೆ ಹೋಗಲು ವಿಂಡೋಸ್ ಕೊಡುವುದು 10 ದಿನ. ಆ 10 ದಿನ ಡಿಸ್ಕ್ ಕ್ಲೀನಪ್ ಅಂತೆಲ್ಲ ಒತ್ತಬೇಡಿ ಅಂತ ಹೇಳಿ ಬಂದೆ. ಹಳೇ ವಿಂಡೋಸ್ ಇರುವ ಫೋಲ್ಡರ್ ಅಳಿಸಿಹೋದರೆ ಆ ದಾರಿ ಮುಚ್ಚಿತು.

ಈಗ 10ರಿಂದ 11ಕ್ಕೆ ಹೋಗುವವರ ಸಾಲು. ಅಲ್ಲಿ ಕಾಟ ಬೇರೆ ಥರ. ಮೊನ್ನೆ ಒಂದು ಅಂಗಡಿಯಲ್ಲಿ ಎಂಟನೇ ಪೀಳಿಗೆಯ ಐ5 ಮಷಿನ್. 11ಕ್ಕೆ ಬೇಕಾದ ಟಿಪಿಎಂ ಅನ್ನುವ ಭದ್ರತಾ ವ್ಯವಸ್ಥೆ ಬಯೋಸ್‌ನಲ್ಲಿ (ಮಷಿನ್‌ನ ಮೂಲ ಸೆಟ್ಟಿಂಗ್‌ನಲ್ಲಿ) ಆಫ್ ಆಗಿತ್ತು ಅಷ್ಟೇ, ಆನ್ ಮಾಡಿದೆ. ಡಿಸ್ಕಿನಲ್ಲಿ ಪಾರ್ಟಿಷನ್‌ಗಳ ಪಟ್ಟಿ ಹಳೇ ಎಂಬಿಆರ್ ರೀತಿಯದು, 11ಕ್ಕೆ ಅದು ಹೊಸ ಜಿಪಿಟಿ ರೀತಿ ಆಗಬೇಕು. ಡೇಟಾ ಕಳೆಯದೆ ಬದಲಾಯಿಸುವ ಟೂಲ್ ವಿಂಡೋಸ್ 10ರಲ್ಲೇ ಇದೆ. ಆದರೆ ಲಾಜಿಕಲ್ ಪಾರ್ಟಿಷನ್ (ಒಂದು ಪಾರ್ಟಿಷನ್‌ನ ಒಳಗೇ ಮತ್ತೆ ಕೊಯ್ದದ್ದು) ಇದ್ದರೆ ಅದು ಮುಟ್ಟುವುದಿಲ್ಲ. ನಮ್ಮ ಕಡೆ ಅಸೆಂಬಲ್ ಮಾಡುವವರಿಗೆ ಡಿ, ಇ, ಎಫ್ ಅಂತ ಡಿಸ್ಕ್ ಕೊಯ್ಯುವ ಚಟ ಇದೆಯಲ್ಲ, ನನಗೂ ಇತ್ತು ಬಿಡಿ, ಅದರ ಫಲ. ಇ ಮತ್ತು ಎಫ್‌ನಲ್ಲಿದ್ದದ್ದನ್ನು ಹೊರಗಿನ ಡಿಸ್ಕಿಗೆ ಹಾಕಿ, ಆ ಪಾರ್ಟಿಷನ್‌ಗಳನ್ನು ತೆಗೆದು, ಆಮೇಲೆ ಬದಲಾಯಿಸಿದೆ. ಒಂದು ದಿನ ಪೂರ್ತಿ ಹೋಯಿತು.

ಚನ್ನಗಿರಿಯ ಮಷಿನ್ 11ಕ್ಕೆ ಹೋಗುವ ಮಾತೇ ಇಲ್ಲ. 11ರಲ್ಲಿ 32 ಬಿಟ್ ಇಲ್ಲವೇ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಅಪ್‌ಡೇಟ್ ನಿಂತಾಗ ಅದರ ನೆಟ್ ಕೇಬಲ್ ಕಿತ್ತೆವು. ಜಿಎಸ್‌ಟಿ, ಬ್ಯಾಂಕು ಎಲ್ಲ ಪಕ್ಕದ ಹೊಸ ಮಷಿನ್‌ನಲ್ಲಿ. ಹಳೆಯದು ರೈತರ ಲೆಕ್ಕ ಮಾತ್ರ ಬರೆಯುತ್ತದೆ. ಹೋದ ಸಲ ಹೋದಾಗ ಗುಮಾಸ್ತರು ಬೀರು ತೆಗೆದು ತೋರಿಸಿದರು. ನಾನು ಕೊಟ್ಟ ಡಿಸ್ಕ್ ಲೆಕ್ಕದ ಪುಸ್ತಕಗಳ ಮೇಲೆ ಕೂತಿತ್ತು. ಆಯುಧ ಪೂಜೆಯ ಕುಂಕುಮ ಚೀಟಿಯ ಮೇಲೆಲ್ಲ ಹರಡಿ, ನಾನು ಬರೆದ ದಿನಾಂಕವೇ ಕಾಣುತ್ತಿರಲಿಲ್ಲ.