ಸ್ಟೇರಿಂಗ್ ಆಯಿಲ್ ಇಳಿದರೆ ಮೊದಲು ಟಾರ್ಚ್ ಹಿಡಿಯಿರಿ, ಆಮೇಲೆ ಬಾಟಲಿ

ಪವರ್ ಸ್ಟೇರಿಂಗ್ ಆಯಿಲ್ ಕಡಿಮೆಯಾಗಿದೆ ಎಂದರೆ ಅದು ಎಲ್ಲೋ ಸೋರುತ್ತಿದೆ. ಎಂಜಿನ್ ಆಯಿಲ್ ಥರ ಇದು ಉರಿದು ಹೋಗುವುದಿಲ್ಲ, ಪಂಪಿನಿಂದ ಮುಂದಿನ ಚಕ್ರಗಳನ್ನು ತಿರುಗಿಸುವ ರ್‍ಯಾಕ್‌ಗೆ, ರ್‍ಯಾಕ್‌ನಿಂದ ಆಯಿಲ್ ತುಂಬುವ ಡಬ್ಬಿಗೆ ಸುತ್ತುತ್ತಲೇ ಇರುತ್ತದೆ. ಆದರೂ ನಮ್ಮ ಗ್ಯಾರೇಜಿಗೆ ಬರುವ ಎಷ್ಟೋ ಗಾಡಿಗಳಿಗೆ ತಿಂಗಳುಗಟ್ಟಲೆ ಸುಮ್ನೆ ಮೇಲಿನಿಂದ ಸುರಿದಿರುತ್ತಾರೆ. ಸೋರುವ ಜಾಗವನ್ನು ಯಾರೂ ಹುಡುಕಿರುವುದಿಲ್ಲ. (ಮೋಟಾರಿನಿಂದ ನಡೆಯುವ ಎಲೆಕ್ಟ್ರಿಕ್ ಸ್ಟೇರಿಂಗ್‌ಗೆ ಆಯಿಲ್ಲೇ ಇರುವುದಿಲ್ಲ, ಅದರ ಕಥೆ ಬೇರೆ.)

ನೆಲದ ಮೇಲೆ ಹನಿ ಬಿದ್ದ ಜಾಗ ನೋಡಿ ತೀರ್ಮಾನಕ್ಕೆ ಬರಬೇಡಿ. ಆಯಿಲ್ ಹೋಸ್ ಮೇಲೆ ಹರಿದು ಬಂದು ಎಲ್ಲಿ ತಗ್ಗಿದೆಯೋ ಅಲ್ಲಿ ತೊಟ್ಟಿಕ್ಕುತ್ತದೆ. ನಾನು ಮೊದಲು ಎಲ್ಲವನ್ನೂ ತೊಳೆದು ಒರೆಸುತ್ತೇನೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಜೊತೆಯವರಿಗೆ ಸ್ಟೇರಿಂಗ್ ಎರಡೂ ಕಡೆ ತಿರುಗಿಸಲು ಹೇಳಿ, ಮೇಲಿನಿಂದ ಕೆಳಕ್ಕೆ ಟಾರ್ಚ್ ಬಿಟ್ಟು ನೋಡುತ್ತಾ ಬರುತ್ತೇನೆ. ಪೂರ್ತಿ ಕೊನೆಗೆ ತಿರುಗಿಸಿ 5 ಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು, ಪಂಪ್ ಬಿಸಿಯಾಗುತ್ತದೆ. ಪಂಪಿನಿಂದ ಹೊರಡುವ ಪ್ರೆಶರ್ ಹೋಸ್ ಮೇಲೆ ಕೈಯಾಡಿಸಿ ಹುಡುಕಲೇಬೇಡಿ. ಒಳಗಿನ ಒತ್ತಡ 70 ಬಾರ್ ದಾಟಬಹುದು. ಸಣ್ಣ ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಹೋಸಿನ ರಬ್ಬರ್ ಲೋಹಕ್ಕೆ ಸೇರುವ ತುದಿ ಒದ್ದೆಯಿದ್ದರೆ ಹೋಸ್ ಬದಲಿಸಿ. ಅಲ್ಲಿಗೆ ಕ್ಲಿಪ್ ಬಿಗಿದರೆ ನಿಲ್ಲುವುದಿಲ್ಲ. ರ್‍ಯಾಕಿನ ತುದಿಯ ರಬ್ಬರ್ ಬೂಟ್ (ಹೊದಿಕೆ) ಕ್ಲಿಪ್ ಸಡಿಲಿಸಿದಾಗ ಆಯಿಲ್ ಸುರಿದರೆ ಒಳಗಿನ ಸೀಲ್ ಹೋಗಿದೆ ಎಂದರ್ಥ. ಬರೀ ಬೂಟ್ ಬದಲಿಸಿ ಕಳಿಸಿದರೆ ಗಾಡಿ ಮತ್ತೆ ವಾಪಸ್ ಬರುತ್ತದೆ.

ಒಂದು ಹನಿಯೂ ಬೀಳದೆ, ಡಬ್ಬಿಯಲ್ಲಿ ನೊರೆ ಬಂದು ಪಂಪ್ ಗುಂಯ್‌ಗುಡುತ್ತಿದೆಯಾ? ಡಬ್ಬಿಯಿಂದ ಪಂಪಿಗೆ ಹೋಗುವ ಹೋಸ್ ನೋಡಿ. ಅಲ್ಲಿ ಪಂಪ್ ಎಳೆಯುತ್ತಿರುತ್ತದೆ, ಹಾಗಾಗಿ ಆಯಿಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಒಂದು ಸಡಿಲ ಕ್ಲಿಪ್‌ಗಾಗಿ ಇಡೀ ಪಂಪ್ ಬದಲಿಸಿಕೊಂಡವರನ್ನು ಕಂಡರೆ ನನಗೆ ನಿಜವಾಗಲೂ ಬೇಜಾರಾಗುತ್ತದೆ.

ಇನ್ನು ಯಾವ ಆಯಿಲ್ ಹಾಕಬೇಕು? ಬಣ್ಣ ನೋಡಿ ಆರಿಸಬೇಡಿ. ಡಬ್ಬಿಯ ಮುಚ್ಚಳ ಓದಿ, ಇಲ್ಲವೇ ಗಾಡಿಯ ಪುಸ್ತಕ ತೆಗೆಯಿರಿ. ಕೆಲವು ಗಾಡಿಗಳು ಡೆಕ್ಸ್‌ರಾನ್ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಕೇಳುತ್ತವೆ. ಯುರೋಪಿನ ಹಲವು ಗಾಡಿಗಳಿಗೆ ಸಿಎಚ್‌ಎಫ್ 11ಎಸ್ ಎಂಬ ಹೈಡ್ರಾಲಿಕ್ ಆಯಿಲ್ ಬೇಕು. ಹೋಂಡಾಗೆ ತನ್ನದೇ ಪವರ್ ಸ್ಟೇರಿಂಗ್ ಫ್ಲೂಯಿಡ್ ಅಂದರೆ ಪಿಎಸ್‌ಎಫ್ ಇದೆ. ಹ್ಯುಂಡೈನಲ್ಲಿ ಪಿಎಸ್‌ಎಫ್-3, ಪಿಎಸ್‌ಎಫ್-4 ಎಂದು ಮಾದರಿಗೆ ತಕ್ಕಂತೆ ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಅದರ ತೆಳು, ಗಟ್ಟಿ ಹೊಂದುವುದಿಲ್ಲ, ಸೀಲ್‌ಗೂ ಒಗ್ಗದೇ ಹೋಗಬಹುದು. ಬ್ರೇಕ್ ಆಯಿಲ್ ಅಂತೂ ಬೇಡವೇ ಬೇಡ, ಸೀಲ್‌ಗಳು ಊದಿ ಮೆತ್ತಗಾಗುತ್ತವೆ. ಸೋರಿಕೆ ನಿಲ್ಲಿಸಲು ಆಯಿಲ್‌ಗೆ ಬೆರೆಸುವ ಬಾಟಲಿ ದ್ರಾವಣ ಹಳೆ ಸೀಲನ್ನು ಸ್ವಲ್ಪ ಉಬ್ಬಿಸಿ ದಿನ ದೂಡುತ್ತದೆ, ಅಷ್ಟೆ. ಹರಿದ ಹೋಸಿಗೆ ಅದರಿಂದ ಏನೂ ಆಗುವುದಿಲ್ಲ.

ರಿಪೇರಿ ಮುಗಿದ ಮೇಲೆ ಗಾಳಿ ತೆಗೆಯಲೇಬೇಕು. ಮುಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಎಂಜಿನ್ ಆಫ್ ಇರುವಾಗಲೇ ಸ್ಟೇರಿಂಗ್ ನಿಧಾನವಾಗಿ ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಾ ಆಯಿಲ್ ತುಂಬಿಸಿ. ಗುಳ್ಳೆ ನಿಂತ ಮೇಲಷ್ಟೇ ಸ್ಟಾರ್ಟ್ ಮಾಡಿ. ಮತ್ತೆ ಆಫ್ ಮಾಡಿದಾಗ ಡಬ್ಬಿಯ ಮಟ್ಟ ಎದ್ದು ಕಾಣುವಷ್ಟು ಮೇಲೇರಿದರೆ ಒಳಗೆ ಇನ್ನೂ ಗಾಳಿ ಇದೆ, ಇನ್ನಷ್ಟು ತಿರುಗಿಸಿ.