ಕೋಲ್ಕತ್ತದಲ್ಲಿ ನಮ್ಮ ಗೊಂಬೆ ಹಬ್ಬ

ನವರಾತ್ರಿಯ ಪಾಡ್ಯದ ದಿನ ನಮ್ಮ ಮನೆಯಲ್ಲಿ ಪಟ್ಟದ ಗೊಂಬೆ ಕೂರಲೇಬೇಕು. ಮೈಸೂರಾದರೂ ಸರಿ, ಕೋಲ್ಕತ್ತವಾದರೂ ಸರಿ. ಕೆಂಪು ಮರದ ರಾಜ-ರಾಣಿ ನನ್ನ ಮದುವೆಯಲ್ಲಿ ಅಮ್ಮ ಕೊಟ್ಟಿದ್ದು. ಹೊಸ ಬಟ್ಟೆ ಉಡಿಸಿ, ಕಳಶದ ಪಕ್ಕ ಮೇಲಿನ ಮೆಟ್ಟಿಲಲ್ಲಿ ಇಡುತ್ತೇನೆ.

ಕೆಳಗಿನ ಮೆಟ್ಟಿಲುಗಳಲ್ಲಿ ಮಾತ್ರ ಈಗ ಬಂಗಾಳವೇ ಜಾಸ್ತಿ. ಬಾಂಕುಡಾದ ಕೆಂಪು ಮಣ್ಣಿನ ಕುದುರೆ, ಕೃಷ್ಣನಗರದ ಮಣ್ಣಿನ ಗೊಂಬೆಗಳು, ನತುನ್‌ಗ್ರಾಮದ ಮರದ ಗೂಬೆ. ದೊಡ್ಡ ದುಂಡು ಕಣ್ಣು, ಮೈತುಂಬ ಹಳದಿ, ಕೆಂಪು, ಹಸಿರು ಗೆರೆ. ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿ ಅಮ್ಮ, "ಅಯ್ಯೋ, ಹಬ್ಬದ ದಿನ ಗೂಬೆನಾ! ತೆಗಿಯೇ ಅದನ್ನ" ಅಂದರು. ಇಲ್ಲಿ ಗೂಬೆ ಲಕ್ಷ್ಮಿಯ ವಾಹನ ಕಣಮ್ಮ, ದುರ್ಗೆಯ ಪಕ್ಕ ನಿಲ್ಲುವ ಲಕ್ಷ್ಮಿಯ ಕಾಲ ಬಳಿ ಇದ್ದೇ ಇರುತ್ತೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅದಕ್ಕೂ ಒಂದು ಹೂವು ಇಡು" ಅಂದರು.

ಉಸ್ಲಿಗೆ ಬೇಕಾದ ಕರಿಬೇವು, ಕಾಯಿ, ಬಾಳೆಎಲೆ ಎಲ್ಲ ಲೇಕ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ದಕ್ಷಿಣದವರು ಹಿಂದಿನಿಂದಲೂ ನೆಲೆಸಿರುವ ಜಾಗ ಅದು. ಪಕ್ಕದ ಮನೆಯ ಮಾಶಿಮಾ (ಬಂಗಾಳಿಯಲ್ಲಿ ದೊಡ್ಡಮ್ಮ, ಚಿಕ್ಕಮ್ಮ) ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. "ಗೊಂಬೆ ಕೂರಿಸಿದ್ದೀರಾ?" ಅಂತ ಕೇಳುವುದನ್ನು ಆ ಮಕ್ಕಳಿಗೆ ಕಲಿಸಿದ್ದೇನೆ. ಅವರನ್ನು ಪಂಚಮಿಯೊಳಗೇ ಕರೆಯಬೇಕು. ಷಷ್ಠಿ ಬಂತೆಂದರೆ ದುರ್ಗಾಪೂಜೆಯ ಢಾಕ್ ಡೋಲಿನ ಸದ್ದು ಶುರು, ಆಮೇಲೆ ಇಡೀ ಊರೇ ರಸ್ತೆಯಲ್ಲಿ.

ಮೈಸೂರಿನವರಿಗೆ ಚಾಮುಂಡಿ ಅಂದರೆ ಬೆಟ್ಟದ ಮೇಲಿನ ತಾಯಿ. ನಾವೇ ಹತ್ತಿ ಹೋಗಬೇಕು. ದಸರೆಗೆ ಅವಳು 750 ಕೆಜಿಯ ಚಿನ್ನದ ಅಂಬಾರಿಯಲ್ಲಿ ಬಂದರೆ ದೂರದಿಂದ ಕೈ ಮುಗಿಯುತ್ತೇವೆ. ಇಲ್ಲೂ ಅವಳು ಮಹಿಷನನ್ನು ಕೊಂದವಳೇ. ಆದರೆ ಮನೆಮಗಳು. ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಕೈಲಾಸದಿಂದ ತವರಿಗೆ ಬರುತ್ತಾಳೆ. ದಶಮಿಯ ದಿನ ಮುತ್ತೈದೆಯರು ವೀಳ್ಯದೆಲೆಯಿಂದ ಅವಳ ಕೆನ್ನೆ ಒರೆಸಿ, ಸಿಂಧೂರ ಹಚ್ಚಿ, ಬಾಯಿಗೆ ಸಿಹಿ ಇಟ್ಟು ಕಳಿಸಿಕೊಡುತ್ತಾರೆ. ಮೊದಲ ಸಲ ನೋಡಿದಾಗ ಅಳು ತಡೆಯಲಾಗಲಿಲ್ಲ. ನಮ್ಮ ಗೌರಿ ಹಬ್ಬವೂ ಇದೇ ಅಲ್ವಾ? ಭಾದ್ರಪದದಲ್ಲಿ ತವರಿಗೆ ಬರುವ ಗೌರಿ, ಮಾರನೇ ದಿನ ಅವಳನ್ನು ಕರೆದೊಯ್ಯಲು ಬರುವ ಗಣೇಶ. ತವರಿನಿಂದ ಇಷ್ಟು ದೂರ ಇರುವ ನನಗೆ ಈ ಊರು ಹತ್ತಿರವಾಗಿದ್ದು ಅಲ್ಲಿಂದಲೇ.

ದಶಮಿಯ ಮಧ್ಯಾಹ್ನ ಜಂಬೂ ಸವಾರಿಯನ್ನು ಫೋನಿನಲ್ಲಿ ಹಾಕಿ ಮಾಶಿಮಾಗೂ ತೋರಿಸುತ್ತೇನೆ. ಅಂಬಾರಿ ಕಂಡ ಕೂಡಲೇ ಅವರು "ಜಯ್ ಮಾ" ಅಂತ ಕೈ ಮುಗಿಯುತ್ತಾರೆ. ರಾತ್ರಿ, ವಿಸರ್ಜನೆ ಮುಗಿದ ಮೇಲೆ, ಅವರ ಕಾಲಿಗೆ ನಮಸ್ಕರಿಸಿ ಅಮ್ಮ ಊರಿಂದ ಕಳಿಸಿದ ಬನ್ನಿ ಎಲೆ ಕೊಡುತ್ತೇನೆ. ಅವರು ಕಾಯಿತುರಿ, ಬೆಲ್ಲದ ಉಂಡೆ ಕೊಡುತ್ತಾರೆ. ಮುಂದಿನ ದಸರೆಗೆ ಮೈಸೂರಿಗೆ ಬಂದೇ ಬರುತ್ತೇನೆ ಅಂತ ಈಗಲೇ ಹಟ ಹಿಡಿದಿದ್ದಾರೆ. ಮಂಡಿ ನೋವು, ಬೆಟ್ಟ ಹತ್ತೋದು ಹೇಗೆ ಅನ್ನೋದೊಂದೇ ಅವರ ಚಿಂತೆ. ತುದಿವರೆಗೂ ಬಸ್ ಹೋಗುತ್ತೆ, ನೀವು ಬನ್ನಿ ಸಾಕು ಅಂದಿದ್ದೇನೆ.