ಹೆಸರಿಲ್ಲದೆ ಬಂದ ತೂಕದ ಚೀಟಿಗಳು

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಗಾಡಿ ತೂಗುವ ವೇಬ್ರಿಡ್ಜ್‌ಗೆ ಬೇಕಾದ ಕಂಪ್ಯೂಟರ್ ಪೆಟ್ಟಿಗೆ ಮತ್ತು ಅದರೊಳಗಿನ ಸಾಫ್ಟ್‌ವೇರ್ ಮಾಡುತ್ತೇವೆ. ಒಂದೊಂದು ಕಡೆ ಒಂದೊಂದು ಥರದ ಲೆಕ್ಕ ಕೇಳುತ್ತಾರೆ, ಹಾಗಾಗಿ ನಮ್ಮದೇ ಒಂದು ಪುಟ್ಟ ಸ್ಕ್ರಿಪ್ಟಿಂಗ್ ಭಾಷೆ ಇದೆ. ಅದರಲ್ಲಿ ಬರೆದದ್ದನ್ನು ಓಡಿಸುವ ರನ್‌ಟೈಮ್ ಸಿ ಭಾಷೆಯಲ್ಲಿದೆ. ಅದನ್ನು ನೋಡಿಕೊಳ್ಳೋದು ನನ್ನ ಕೆಲಸ.

ಕಬ್ಬಿನ ಸೀಸನ್ ಶುರುವಾಗಿ ಹದಿನೈದು ದಿನ ಆಗಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಿಂದ ಫೋನ್ ಬಂತು. ತೂಕದ ಮನೆಯ ಆಪರೇಟರ್ ಹೇಳಿದ್ದು ಇಷ್ಟೇ: "ಸರ್, ಚೀಟ್ಯಾಗ ಹೆಸರು ಬರವಲ್ದು. ತೂಕ ಅಷ್ಟ ಬರಾಕತ್ತೈತಿ."

ರೈತನ ಹೆಸರು, ಊರು, ಗಾಡಿ ನಂಬರ್ ಯಾವುದೂ ಇಲ್ಲ. ಬರೀ ತೂಕ. ಹಾಗೆ ಇಪ್ಪತ್ತು ಚೀಟಿ ಬಂದವಂತೆ. ಆಮೇಲೆ ಪ್ರಿಂಟರ್ ತಾನಾಗಿಯೇ ಒಂದು ಮಾರುದ್ದದ ಕಾಗದ ಹೊರಗೆ ಹಾಕಿತು. ಅದರಲ್ಲಿ ಇಪ್ಪತ್ತೂ ಜನರ ಹೆಸರು ಸಾಲಾಗಿ ಇದ್ದವು, ಕೊನೆಯ ಹೆಸರು ನಡುವೆಯೇ ತುಂಡಾಗಿತ್ತು. ಆ ಕಾಗದದ ಫೋಟೋ ಈಗಲೂ ನನ್ನ ಮೇಜಿನ ಮುಂದೆ ಅಂಟಿಸಿದ್ದೇನೆ. ಹೊರಗೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಿದ್ದವು. ಕಡಿದ ಕಬ್ಬು ನಿಂತಲ್ಲೇ ಒಣಗುತ್ತದೆ, ಒಣಗಿದಷ್ಟೂ ತೂಕ ಇಳಿಯುತ್ತದೆ, ಅದು ರೈತನ ದುಡ್ಡು. ಅಂಥ ಹೊತ್ತಿನಲ್ಲಿ ನಮ್ಮ ಪೆಟ್ಟಿಗೆ ಈ ಕೆಲಸ ಮಾಡಿತ್ತು.

ತೊಂದರೆ ಇದ್ದದ್ದು ಬಫರ್‌ಗಳಲ್ಲಿ. ಬಫರ್ ಅಂದರೆ ಏನು ಅಂತ ಈ ಕಡೆಯವರಿಗೆ ಹೇಳೋದು ಸುಲಭ. ಒಂದೊಂದೇ ಕಬ್ಬಿನ ಗಳ ಕಡಿದು ಕಾರ್ಖಾನೆಗೆ ಯಾರೂ ಒಯ್ಯುವುದಿಲ್ಲ, ಟ್ರಾಲಿ ತುಂಬಿದ ಮೇಲೆ ಒಯ್ಯುತ್ತಾರೆ. ಪ್ರೋಗ್ರಾಂ ಕೂಡ ಹಾಗೆಯೇ. ಒಂದೊಂದು ಅಕ್ಷರಕ್ಕೂ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಹತ್ತಿರ ಓಡಿದರೆ ಸಮಯವೆಲ್ಲ ಓಡಾಟದಲ್ಲೇ ಹೋಗುತ್ತದೆ. ಹಾಗಾಗಿ ಸ್ವಲ್ಪ ಕೂಡಿಸಿಟ್ಟುಕೊಂಡು ಒಮ್ಮೆಗೇ ಕಳಿಸುತ್ತದೆ. ತೊಂದರೆ ಇರೋದು ಟ್ರಾಲಿ ಯಾವಾಗ ಹೊರಡಬೇಕು, ಹೊರಡು ಅನ್ನುವವರು ಯಾರು ಅನ್ನುವಲ್ಲಿ.

ನಮ್ಮ ರನ್‌ಟೈಮ್‌ನಲ್ಲಿ ಟ್ರಾಲಿಗಳು ಜಾಸ್ತಿ ಇದ್ದವು, ಯಜಮಾನರೂ ಅಷ್ಟೇ ಜನ ಇದ್ದರು. ಪ್ರಿಂಟ್ ಆಜ್ಞೆ ಸಿ ಭಾಷೆಯ ಜೊತೆ ಸಿದ್ಧವಾಗಿ ಬರುವ ಸಿ ಲೈಬ್ರರಿಯ ಪ್ರಿಂಟ್‌ಎಫ್ ಬಳಸುತ್ತಿತ್ತು, ಅದಕ್ಕೆ ಅದರದೇ ಬಫರ್. ಫೈಲ್ ಓದುವ, ಬರೆಯುವ ಭಾಗವನ್ನು ಬೇರೊಬ್ಬರು ಬರೆದಿದ್ದರು, ಅವರು 512 ಬೈಟ್‌ಗಳ ತಮ್ಮದೇ ಬಫರ್ ಇಟ್ಟಿದ್ದರು. ತೂಕದ ಅಂಕಿ ಒಳಗೆ ಬರುವ ಸೀರಿಯಲ್ ಪೋರ್ಟ್ ಓದುವ ಭಾಗಕ್ಕೆ ಮೂರನೆಯದು. ಇನ್ನು ತೂಕದ ಅಂಕಿ ಪ್ರಿಂಟರ್‌ಗೆ ಬೇಗ ಹೋಗಲಿ ಅಂತ ಒಂದು ಕಡೆ ಬಫರೇ ಇಲ್ಲದೆ ಕರ್ನಲ್‌ಗೇ ನೇರವಾಗಿ ಬರೆ ಅಂತ ಹೇಳುವ ರೈಟ್ ಸಿಸ್ಟಂ ಕಾಲ್ ಹಾಕಿದ್ದರು. ಯಾರೂ ತಪ್ಪು ಮಾಡಿದ್ದಲ್ಲ. ಬೇಕಾದಾಗ ಬೇಕಾದಷ್ಟು ಸೇರಿಸುತ್ತಾ ಬಂದರು, ಅಷ್ಟೇ. ಆದರೆ ಒಬ್ಬರ ಬಫರ್ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ.

ಹಾಗಾದರೆ ಅಷ್ಟು ವರ್ಷ ಸರಿಯಾಗಿ ಹೇಗೆ ನಡೆಯಿತು? ಮೊದಲಿದ್ದ ಪ್ರಿಂಟರ್ ಸೀರಿಯಲ್ ಪೋರ್ಟ್‌ಗೆ ನೇರವಾಗಿ ಜೋಡಿಸಿದ್ದು, ಅದಕ್ಕೆ ಇಂಗ್ಲಿಷ್ ಅಕ್ಷರ ಮಾತ್ರ ಬರುತ್ತಿತ್ತು. ಲಿನಕ್ಸ್‌ನಲ್ಲಿ ಸೀರಿಯಲ್ ಪೋರ್ಟ್ ಕೂಡ ಒಂದು ಟರ್ಮಿನಲ್, ಅಂದರೆ ಮನುಷ್ಯ ಕೂತು ನೋಡುವ ಪರದೆ, ಕೀಬೋರ್ಡ್ ಇದ್ದ ಹಾಗೆ. ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದ್ದರೆ ಸಿ ಲೈಬ್ರರಿ ಸಾಲು ಮುಗಿದ ಕೂಡಲೇ ಕಳಿಸಿಬಿಡುತ್ತದೆ. ಆ ವರ್ಷ ರೈತರು ಕನ್ನಡ ಚೀಟಿ ಬೇಕು ಅಂದರು, ನ್ಯಾಯವಾದ ಮಾತು ಅಲ್ವಾ. ಅದಕ್ಕೆ ಕನ್ನಡ ಅಕ್ಷರಗಳನ್ನು ಚಿತ್ರವಾಗಿ ಮಾಡಿ ಪ್ರಿಂಟರ್‌ಗೆ ಕೊಡುವ ಇನ್ನೊಂದು ಪ್ರೋಗ್ರಾಂ ಸೇರಿಸಿ ನಡುವೆ ಒಂದು ಪೈಪ್ ಹಾಕಿದೆವು, ಒಂದು ಪ್ರೋಗ್ರಾಂನ ಔಟ್‌ಪುಟ್ ಇನ್ನೊಂದಕ್ಕೆ ಒಯ್ಯುವ ದಾರಿ ಅದು. ಪೈಪ್ ಟರ್ಮಿನಲ್ ಅಲ್ಲ. ಲೈಬ್ರರಿ ಸದ್ದಿಲ್ಲದೆ ತನ್ನ ರೀತಿ ಬದಲಿಸಿತು: ಈಗ 4096 ಬೈಟ್ ತುಂಬುವವರೆಗೂ ಏನನ್ನೂ ಕಳಿಸುವುದಿಲ್ಲ. ಹೆಸರು, ಊರು, ನಂಬರ್ ಸೇರಿ ಸುಮಾರು 200 ಬೈಟ್. ಇಪ್ಪತ್ತು ಚೀಟಿಗೆ 4000. ಲೆಕ್ಕ ಕೂಡಿತು ನೋಡಿ. ತೂಕದ ಅಂಕಿ ಮಾತ್ರ ನೇರ ದಾರಿಯಲ್ಲಿ ಮುಂದೆ ಹೋಗುತ್ತಿತ್ತು. ಆಫೀಸಿನಲ್ಲಿ ಪರೀಕ್ಷೆ ಮಾಡಿದಾಗ ಇದು ಕಾಣಲಿಲ್ಲ, ಯಾಕೆಂದರೆ ನಾವು ನೋಡಿದ್ದು ಪರದೆಯ ಮೇಲೆ, ಪರದೆ ಟರ್ಮಿನಲ್.

ಆ ರಾತ್ರಿ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಪ್ರತಿ ಪ್ರಿಂಟ್ ಆದಮೇಲೂ ಬಫರ್ ಈಗಲೇ ಕಳಿಸು ಅನ್ನುವ ಎಫ್‌ಫ್ಲಶ್ ಹಾಕಿ ಕಳಿಸಿದೆ. ಚೀಟಿ ಸರಿಯಾಯಿತು. ಎರಡು ದಿನ ಬಿಟ್ಟು ಅಕೌಂಟ್ಸ್‌ನವರು ದಿನದ ರಿಪೋರ್ಟ್ ತುಂಬಾ ನಿಧಾನ ಆಯಿತು ಅಂದರು. ಸಾವಿರ ಸಾಲಿನ ರಿಪೋರ್ಟ್, ಒಂದು ಸಾಲಿಗೆ ಹತ್ತು ತುಂಡು, ಅಂದರೆ ಹತ್ತು ಸಾವಿರ ಸಿಸ್ಟಂ ಕಾಲ್. ಒಂದು ಸಾಲಿಗೆ ನೂರು ಬೈಟ್ ಅಂತ ಹಿಡಿದರೂ 8192 ಬೈಟ್‌ನ ಬಫರ್ ಇದ್ದಿದ್ದರೆ ಹದಿಮೂರು ಕಾಲ್ ಸಾಕಿತ್ತು. ಟ್ರಾಲಿ ಬಿಟ್ಟು ಗಳ ಹೊತ್ತುಕೊಂಡು ಓಡುವ ಹಾಗೆ ಮಾಡಿದ್ದೆ.

ಇನ್ನೊಂದು ಕಡೆ ದಿನದ ರಿಜಿಸ್ಟರ್‌ನಲ್ಲಿ ಒಂದೇ ಗಾಡಿ ಎರಡು ಸಲ ಬಂತು. ಇದನ್ನು ಹುಡುಕಲು ನಾಲ್ಕು ದಿನ ಬೇಕಾಯಿತು. ರೈತನಿಗೆ ಎಸ್ಸೆಮ್ಮೆಸ್ ಕಳಿಸಲು ನಮ್ಮ ಪ್ರೋಗ್ರಾಂ ಫೋರ್ಕ್ ಆಗಿ, ಅಂದರೆ ತನ್ನದೇ ಒಂದು ನಕಲು ಮಾಡಿಕೊಂಡು, ಇನ್ನೊಂದು ಪ್ರೋಗ್ರಾಂ ಶುರು ಮಾಡುತ್ತದೆ. ಫೋರ್ಕ್ ಆದಾಗ ಮೆಮೊರಿಯೆಲ್ಲ ನಕಲಾಗುತ್ತದೆ, ಅದರ ಜೊತೆ ಇನ್ನೂ ಬರೆಯದೆ ಉಳಿದ ಬಫರ್ ಕೂಡ. ಸಾಮಾನ್ಯವಾಗಿ ಹೊಸ ಪ್ರೋಗ್ರಾಂ ಶುರುವಾದ ಕೂಡಲೇ ಆ ನಕಲು ಅಳಿದುಹೋಗುತ್ತದೆ. ಆದರೆ ಅಲ್ಲಿ ಎಸ್ಸೆಮ್ಮೆಸ್ ಪ್ರೋಗ್ರಾಂ ಹಾಕಿರಲೇ ಇಲ್ಲ. ಹೊಸ ಪ್ರೋಗ್ರಾಂ ಶುರು ಮಾಡುವ ಎಕ್ಸೆಕ್ ಸೋತಿತು, ನಕಲಾಗಿ ಹುಟ್ಟಿದ ಮಗು ಪ್ರೋಸೆಸ್ ಎಕ್ಸಿಟ್ ಮಾಡಿತು, ಎಕ್ಸಿಟ್ ಮಾಡುವಾಗ ಶಿಸ್ತಾಗಿ ತನ್ನ ಪಾಲಿನ ಬಫರ್ ಬರೆದೇ ಹೋಯಿತು. ಆಮೇಲೆ ತಾಯಿ ಪ್ರೋಸೆಸ್ ಕೂಡ ಅದನ್ನೇ ಬರೆಯಿತು.

ಸೀಸನ್ ಮುಗಿದು ಕಾರ್ಖಾನೆಗಳು ನಿಂತ ಮೇಲೆ ನಮಗೆ ಸ್ವಲ್ಪ ಉಸಿರು. ಮಳೆಗಾಲದ ಮೂರು ತಿಂಗಳು ಕೇಳಿ ತೆಗೆದುಕೊಂಡೆ. ಬಿಡಿ ಬಿಡಿಯಾಗಿ ತೇಪೆ ಹಾಕುವುದು ಬಿಟ್ಟು ಬಫರ್ ಎಲ್ಲವನ್ನೂ ಒಂದೇ ಕಡೆ ತರಬೇಕು ಅನ್ನೋದು ನನ್ನ ಮಾತಾಗಿತ್ತು. ಹೊಸ ವಿಚಾರ ಏನಲ್ಲ. ಪರ್ಲ್ ಭಾಷೆ 2002ರಲ್ಲಿ 5.8 ಆವೃತ್ತಿಯ ಹೊತ್ತಿಗೆ ಸಿ ಲೈಬ್ರರಿಯ ಬಫರ್ ಬಿಟ್ಟು ತನ್ನದೇ ಪದರಗಳ ವ್ಯವಸ್ಥೆಗೆ ಬಂದಿತ್ತು. ಪೈಥಾನ್ 2ರಲ್ಲಿ ಫೈಲ್ ಅಂದರೆ ಸಿ ಲೈಬ್ರರಿಯ ಫೈಲೇ. ಅದರ ಮೇಲೆ ಸಾಲು ಸಾಲಾಗಿ ಓದಲು ಇನ್ನೊಂದು ಅಡಗಿದ ಬಫರ್ ಇತ್ತು, ಎರಡು ರೀತಿಯ ಓದು ಬೆರೆಸಿದರೆ ಡೇಟಾ ಕಳೆದುಹೋಗುತ್ತದೆ ಅಂತ ಎರರ್ ಕೊಡುತ್ತಿತ್ತು. 2008ರಲ್ಲಿ ಬಂದ ಪೈಥಾನ್ 3 ಅದನ್ನು ಬಿಟ್ಟು ಮೂರು ಪದರ ಮಾಡಿತು: ಕೆಳಗೆ ಬರೀ ಬೈಟ್, ನಡುವೆ ಬಫರ್, ಮೇಲೆ ಅಕ್ಷರ. ನಾವು ಹಿಡಿದದ್ದೂ ಅದೇ ದಾರಿ. ಗೋ ಭಾಷೆಯಲ್ಲಿ ಔಟ್‌ಪುಟ್‌ಗೆ ಬಫರೇ ಇರುವುದಿಲ್ಲ, ಬೇಕಾದವರು ತಾವೇ ಹಾಕಿಕೊಳ್ಳಬೇಕು. ಅದೂ ನೇರವಾದ ದಾರಿಯೇ. ಆದರೆ ನಮ್ಮ ಸ್ಕ್ರಿಪ್ಟ್ ಬರೆಯುವವರು ಸೈಟ್ ಇಂಜಿನಿಯರ್‌ಗಳು, ಅವರ ತಲೆಗೆ ಈ ಭಾರ ಹಾಕಲು ನನಗೆ ಮನಸ್ಸಿರಲಿಲ್ಲ.

ಈಗ ರನ್‌ಟೈಮ್‌ನಲ್ಲಿ ರೀಡ್, ರೈಟ್ ಸಿಸ್ಟಂ ಕಾಲ್‌ಗಳು ಒಂದೇ ಒಂದು ಫೈಲ್‌ನಲ್ಲಿವೆ. ಬೇರೆಲ್ಲಾದರೂ ಹಾಕಿದರೆ ಬಿಲ್ಡ್, ಅಂದರೆ ಕೋಡ್‌ನಿಂದ ಪ್ರೋಗ್ರಾಂ ತಯಾರಾಗೋದೇ, ನಿಲ್ಲುತ್ತದೆ. ತೆರೆದಿರುವ ಪ್ರತಿ ಸ್ಟ್ರೀಮ್‌ನ, ಅಂದರೆ ಓದುವ ಬರೆಯುವ ಪ್ರತಿ ದಾರಿಯ, ಒಂದು ಪಟ್ಟಿ ಇದೆ. ಫೋರ್ಕ್‌ಗೆ ಮುಂಚೆ ಆ ಪಟ್ಟಿಯ ಬಫರ್‌ಗಳಲ್ಲಿ ಬರೆಯದೆ ಉಳಿದದ್ದನ್ನೆಲ್ಲ ಕಳಿಸಿಬಿಡುತ್ತೇವೆ, ಎಕ್ಸೆಕ್ ಸೋತರೆ ಮಗು ಪ್ರೋಸೆಸ್ ಏನನ್ನೂ ಬರೆಯದೆ ಅಂಡರ್‌ಸ್ಕೋರ್ ಎಕ್ಸಿಟ್ (_exit) ಅನ್ನುವ ಕಾಲ್‌ನಿಂದ ಹೋಗುತ್ತದೆ. ಕೀಬೋರ್ಡ್‌ನಿಂದ ಓದುವ ಮುಂಚೆ ಪರದೆಗೆ ಬರೆದದ್ದು ಹೋಗಲೇಬೇಕು, ಇಲ್ಲದಿದ್ದರೆ ಪ್ರಶ್ನೆ ಕಾಣುವ ಮುಂಚೆ ಉತ್ತರ ಕೇಳಿದಂತೆ. ರೈಟ್‌ಗೆ ನೂರು ಬೈಟ್ ಕೊಟ್ಟರೆ ಅರವತ್ತೇ ಬರೆದು ವಾಪಸ್ ಬರಬಹುದು, ಉಳಿದ ನಲವತ್ತನ್ನು ಮತ್ತೆ ಕಳಿಸುವ ಲೂಪ್ ಮೊದಲು ಒಂದು ಕಡೆ ಇತ್ತು, ಮೂರು ಕಡೆ ಇರಲಿಲ್ಲ. ಈಗ ಒಂದೇ ಇದೆ, ಅದು ಎಲ್ಲರಿಗೂ ಆಗುತ್ತದೆ.

ಈ ಕೆಲಸ ಮಾಡುವಾಗಲೇ ನನ್ನನ್ನು ಜಾಸ್ತಿ ಹೆದರಿಸಿದ ದೋಷ ಸಿಕ್ಕಿತು. ಅದು ಓದುವ ಕಡೆಯದು. ತೂಕದ ಅಂಕಿ ತೋರಿಸುವ ಇಂಡಿಕೇಟರ್ ಸೆಕೆಂಡಿಗೆ ಹತ್ತು ಸಾಲು ಕಳಿಸುತ್ತಲೇ ಇರುತ್ತದೆ, ಒಂದು ಸಾಲು 16 ಬೈಟ್. ಬಟನ್ ಒತ್ತಿದಾಗ ನಮ್ಮ ಸ್ಕ್ರಿಪ್ಟ್ ಹಳೆಯದನ್ನು ಬಿಸಾಕಿ ಹೊಸದಾಗಿ ಐದು ಸಾಲು ಓದುತ್ತದೆ, ಐದೂ ಒಂದೇ ಇದ್ದರೆ ಅದೇ ತೂಕ. ಬಿಸಾಕಲು ಟಿಸಿಫ್ಲಶ್ ಬಳಸಿದ್ದರು. ಅದು ಕರ್ನಲ್‌ನಲ್ಲಿ ಇರುವುದನ್ನು ಮಾತ್ರ ಬಿಸಾಕುತ್ತದೆ. ನಮ್ಮ 1024 ಬೈಟ್ ಬಫರ್‌ನಲ್ಲಿ 64 ಸಾಲುವರೆಗೆ ಹಾಗೇ ಕೂತಿರುತ್ತಿದ್ದವು, ಅಂದರೆ ಆರು ಸೆಕೆಂಡಿಗೂ ಹಿಂದಿನ ತೂಕ! ಆಫೀಸಿನ ಮೇಜಿನ ಮೇಲೆ 20 ಕಿಲೋ ಕಲ್ಲು ಇಟ್ಟು ಬಟನ್ ಒತ್ತಿದೆ, ಸೊನ್ನೆ ಬಂತು. ಕಲ್ಲು ತೆಗೆದು ಒತ್ತಿದೆ, 20 ಬಂತು. ಕೈ ನಡುಗಿತು. ತೂಕದ ಮನೆಯಲ್ಲಿ ಗಾಡಿ ಏರಿ ನಿಂತಮೇಲೆ ಚಾಲಕ ಇಳಿದು ಬರುವಷ್ಟರಲ್ಲಿ ಹತ್ತಾರು ಸೆಕೆಂಡ್ ಆಗುತ್ತದೆ, ಹಾಗಾಗಿ ಚೀಟಿಗಳು ತಪ್ಪಾಗದೆ ಉಳಿದಿದ್ದವು. ನಮ್ಮ ಕೋಡ್‌ನಿಂದ ಉಳಿದಿದ್ದಲ್ಲ.

ಒಂದೇ ಫ್ಲಶ್ ಅನ್ನುವ ಮಾತಿಗೆ ಒಂದು ಕಡೆ ಕಳಿಸು ಅಂತ ಅರ್ಥ, ಇನ್ನೊಂದು ಕಡೆ ಬಿಸಾಕು ಅಂತ. ಹೀಗಿದ್ದರೆ ಗೊಂದಲ ಆಗದೆ ಇರುತ್ತದಾ? ನಮ್ಮ ಭಾಷೆಯಲ್ಲಿ ಆ ಪದವನ್ನೇ ತೆಗೆದೆವು. ಈಗ ಮೂರು ಆಜ್ಞೆ ಇವೆ. ತಳ್ಳು ಅಂದರೆ ಬಫರ್‌ನಲ್ಲಿರುವುದನ್ನು ಕರ್ನಲ್‌ಗೆ ಕಳಿಸು. ಚೆಲ್ಲು ಅಂದರೆ ಓದದೆ ಉಳಿದದ್ದನ್ನು ಬಿಸಾಕು, ನಮ್ಮ ಬಫರ್ ಮತ್ತು ಕರ್ನಲ್ ಎರಡರಲ್ಲೂ. ಮುಟ್ಟಿಸು ಅಂದರೆ ಡಿಸ್ಕ್‌ಗೆ ಹೋಗಿ ಸೇರುವವರೆಗೆ ಬಿಡಬೇಡ, ಒಳಗೆ ಅದು ಎಫ್‌ಸಿಂಕ್. ತಳ್ಳಿದ ಮಾತ್ರಕ್ಕೆ ಡಿಸ್ಕ್ ಮುಟ್ಟುವುದಿಲ್ಲ, ಲಿನಕ್ಸ್ ಅದನ್ನು ಮಾಮೂಲಿಯಾಗಿ 30 ಸೆಕೆಂಡಿನಷ್ಟು ಹೊತ್ತು ಮೆಮೊರಿಯಲ್ಲೇ ಇಟ್ಟುಕೊಳ್ಳಬಹುದು. ಅಷ್ಟರಲ್ಲಿ ಕರೆಂಟ್ ಹೋದರೆ ಆ ಸಾಲು ಹೋಯಿತು. ನಮ್ಮ ಕಡೆ ಕರೆಂಟ್ ಹೋಗೋದು ದೊಡ್ಡ ಸುದ್ದಿಯೇನಲ್ಲ. ರಿಜಿಸ್ಟರ್‌ಗೆ ಮುಟ್ಟಿಸು, ರಿಪೋರ್ಟ್‌ಗೆ ತಳ್ಳು ಸಾಕು. ಸೈಟ್ ಇಂಜಿನಿಯರ್‌ಗಳಿಗೆ ಇದನ್ನು ವಿವರಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ಕನ್ನಡದ ವಿಷಯ ಹೇಳದೆ ಬಿಟ್ಟರೆ ಸರಿಯಾಗದು. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಬೆಳಗಾವಿ ಅನ್ನುವ ಪದದಲ್ಲಿ ಸ್ವರಚಿಹ್ನೆ ಸೇರಿ ಏಳು ಸಂಕೇತ, ಒಟ್ಟು 21 ಬೈಟ್. ಹಳೆಯ ಫೈಲ್ ಭಾಗ 512 ಬೈಟ್ ಓದಿ ಅಷ್ಟನ್ನೇ ಅಕ್ಷರ ಮಾಡುತ್ತಿತ್ತು. 512 ಮೂರರಿಂದ ಭಾಗವಾಗುವುದಿಲ್ಲ. ಅಂಚಿನಲ್ಲಿ ಸಿಕ್ಕ ಅಕ್ಷರ ಎರಡು ತುಂಡಾಗಿ ಕಪ್ಪು ಪ್ರಶ್ನಾರ್ಥಕ ಚಿಹ್ನೆ ಆಗುತ್ತಿತ್ತು. ಒಬ್ಬ ರೈತನ ಹೆಸರು ಕೆಟ್ಟಿದೆ ಅಂತ ದೂರು ಬರುತ್ತಿತ್ತು, ನಾವು ಆ ಹೆಸರನ್ನು ಮತ್ತೆ ಟೈಪ್ ಮಾಡಿಸುತ್ತಿದ್ದೆವು. ಪಟ್ಟಿಗೆ ಯಾರಾದರೂ ಹೊಸಬರು ಸೇರಿದರೆ ಆ ಹೆಸರು ಸರಿಯಾಗಿ ಇನ್ನೊಬ್ಬರದು ಕೆಡುತ್ತಿತ್ತು. ಈಗ ಅರ್ಧ ಬಂದ ಅಕ್ಷರವನ್ನು ಮೇಲಿನ ಪದರ ಹಿಡಿದಿಟ್ಟುಕೊಂಡು ಮುಂದಿನ ಬೈಟ್‌ಗೆ ಕಾಯುತ್ತದೆ.

ಇದನ್ನು ಪರೀಕ್ಷಿಸಲು ಒಂದು ಸುಲಭದ ಉಪಾಯ ಸಿಕ್ಕಿತು, ಯಾರು ಬೇಕಾದರೂ ಮಾಡಬಹುದು. ಬಫರ್ ಅಳತೆಯನ್ನು ಹೊರಗಿನಿಂದ ಬದಲಿಸುವಂತೆ ಇಡಿ. ನಂತರ ಎಲ್ಲ ಟೆಸ್ಟ್‌ಗಳನ್ನೂ 1 ಬೈಟ್, 2, 3, 7 ಬೈಟ್ ಬಫರ್ ಇಟ್ಟು ಓಡಿಸಿ. 8192 ಬೈಟ್ ಬಫರ್‌ನಲ್ಲಿ ಎಂದೋ ಒಮ್ಮೆ ಬರುವ ಅಂಚು ಈಗ ಹೆಜ್ಜೆ ಹೆಜ್ಜೆಗೂ ಬರುತ್ತದೆ. ಮೊದಲ ದಿನ ನಮ್ಮ ಟೆಸ್ಟ್‌ಗಳಲ್ಲಿ ಅರ್ಧಕ್ಕರ್ಧ ಬಿದ್ದವು. ಜೊತೆಗೆ ಪ್ರತಿ ಟೆಸ್ಟ್ ಎರಡು ಸಲ ಓಡಬೇಕು, ಒಮ್ಮೆ ಟರ್ಮಿನಲ್‌ಗೆ, ಒಮ್ಮೆ ಪೈಪ್‌ಗೆ, ಎರಡರ ಔಟ್‌ಪುಟ್ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಈ ಎರಡು ಟೆಸ್ಟ್ ಮೊದಲೇ ಇದ್ದಿದ್ದರೆ ಆ ರಾತ್ರಿಯ ಫೋನ್ ಬರುತ್ತಿರಲಿಲ್ಲ.

ಹೊಸ ರನ್‌ಟೈಮ್ ಹಾಕಿ ಒಂದು ಪೂರ್ತಿ ಸೀಸನ್ ಮುಗಿಯಿತು. ಹೆಸರಿಲ್ಲದ ಚೀಟಿ ಬರಲಿಲ್ಲ. ಒಂದು ಕೆಲಸ ಮಾತ್ರ ಉಳಿದಿದೆ. ನಾವು ಶುರು ಮಾಡುವ ಬೇರೆ ಪ್ರೋಗ್ರಾಂಗಳ ಹೊಟ್ಟೆಯಲ್ಲಿ ಅವುಗಳದೇ ಬಫರ್ ಇರುತ್ತದೆ, ಅಲ್ಲಿಗೆ ನಮ್ಮ ಕೈ ಹೋಗುವುದಿಲ್ಲ. ಎಸ್ಸೆಮ್ಮೆಸ್ ಪ್ರೋಗ್ರಾಂ ತನ್ನ ಉತ್ತರವನ್ನು ಪೈಪ್‌ಗೆ ಬರೆಯುತ್ತದೆ, ಅದೂ ತುಂಬುವವರೆಗೆ ಕಾಯುತ್ತದೆ. ಅದಕ್ಕೆ ಪೈಪ್ ಬದಲು ಒಂದು ಸುಳ್ಳು ಟರ್ಮಿನಲ್ ಕೊಟ್ಟರೆ ಸಾಲು ಸಾಲಾಗಿ ಉತ್ತರ ಕೊಡುತ್ತದೆ. ಈ ವಾರ ಅದನ್ನೇ ಬರೆಯುತ್ತಿದ್ದೇನೆ.